ಮುರಿದ ಗಟ್ಟಿ

"ಸ್ಟೂಲು ಅಲ್ಲಾಡಿಸಬೇಡ ಕನ್ನಡಕ. ನಾನು ಬಿದ್ರೆ ನಿನ್ನ ಮೇಲೇ ಬೀಳೋದು."

ನಾನು ಅಲ್ಲಾಡಿಸುತ್ತಿರಲಿಲ್ಲ. ಅಣ್ಣನ ಷೆಡ್ಡಿನ ನೆಲವೇ ಅಷ್ಟು ಸೊಟ್ಟ. ಅತ್ತಿಗೆ ಒಂದು ಕೈಯಿಂದ ನನ್ನ ತಲೆಯನ್ನೇ ಆಸರೆಗೆ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳನ್ನು ತಗಡಿನ ಸೂರಿನ ಒಳಮೈ ಮೇಲೆ ಉದ್ದಕ್ಕೆ ಎಳೆದರು. ಬೆರಳ ತುದಿ ಬೆಳ್ಳಗಾಯಿತು.

"ಏನಿದು, ಹೇಳು."

"ಸುಣ್ಣ."

"ನಿನ್ನ ತಲೆ. ತಗಡಿಗೆ ಯಾರಾದ್ರೂ ಸುಣ್ಣ ಹೊಡೀತಾರಾ?"

ಕನ್ನಡಕದ ಅಂಗಡಿ ಇಟ್ಟ ದಿನದಿಂದ ನಾನು ಅತ್ತಿಗೆಗೆ ಕನ್ನಡಕವೇ. ನನಗೀಗ ಐವತ್ತಮೂರು. ತಲೆಕೂದಲು ಅರ್ಧ ಹೋಗಿದೆ, ಮಗಳಿಗೆ ಮದುವೆಯಾಗಿದೆ. ಆದರೂ ಅವರು ಕರೆದರೆ ಅಂಗಡಿಯ ಬಾಗಿಲೆಳೆದು ಓಡಿ ಬರುತ್ತೇನೆ. ಅತ್ತಿಗೆ ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಬೆಂಕಿ ಅನಾಹುತದ ಅರ್ಜಿಗಳನ್ನು ಪರಿಶೀಲಿಸಿದವರು. ಸುಟ್ಟ ಗೋದಾಮಿನ ಬೂದಿ ಮುಟ್ಟಿ ನೋಡಿ, ಬೆಂಕಿ ತಾನಾಗಿ ಹತ್ತಿದ್ದೋ ಯಾರೋ ಹಚ್ಚಿದ್ದೋ ಎಂದು ಹೇಳುತ್ತಿದ್ದರು. ನಿವೃತ್ತಿಯಾದ ಮೇಲೂ ಊರಿನವರು ಕಳೆದುಹೋದ ಸಾಮಾನು, ಹುಟ್ಟಿಕೊಂಡ ಸಂಶಯ ಎರಡನ್ನೂ ಅವರ ಬಾಗಿಲಿಗೇ ತರುತ್ತಾರೆ. ಈ ಸಲ ಮಾತ್ರ ಸಂಶಯ ಅವರ ಮನೆಯೊಳಗೇ ಬಂದು ಕಾಲು ಚಾಚಿ ಕೂತಿತ್ತು.

ಶಾಲೆಯ ಹದಿನೆಂಟು ಕಿಲೋ ಕಂಚಿನ ಗಂಟೆ ಮಾಯವಾಗಿ ಮೂರು ವಾರ. ಕದ್ದು ಕರಗಿಸಿದವನು ಅಣ್ಣನೇ, ಅಂದರೆ ಅತ್ತಿಗೆಯ ಗಂಡನೇ, ಎಂದು ಊರು ಆಗಲೇ ತೀರ್ಪು ಕೊಟ್ಟಾಗಿತ್ತು.

ಊರಿನದು ಹಿತ್ತಾಳೆ ಕಿವಿ, ನಿಜ. ಆದರೆ ಅಣ್ಣನೂ ಬಾಯಿ ಮುಚ್ಚಿಕೊಂಡು ಇದ್ದವನಲ್ಲ. ಲಿಫ್ಟ್ ಮೆಕ್ಯಾನಿಕ್ ಕೆಲಸದಿಂದ ನಿವೃತ್ತನಾದ ಮರುವಾರವೇ ಅವನಿಗೆ ಕುಲುಮೆಯ ಹುಚ್ಚು ಹತ್ತಿತು. ಕಬ್ಬಿಣ ಕಾಸುವಲ್ಲಿ ನೊಣಕ್ಕೇನು ಕೆಲಸ ಅನ್ನುತ್ತಾರಲ್ಲ, ಆ ನೊಣ ನಾನು. ಸಾಮಾನು ಹೊಂದಿಸಲು ಅವನ ಹಿಂದೆ ನಾನೂ ಅಲೆದೆ. ಕಾಸಿದ್ದನ್ನು ಇಟ್ಟು ಬಡಿಯುವ ಅಡಿಗಲ್ಲಿಗೆಂದು ಗುಜರಿಯಿಂದ ಮೊಣಕಾಲುದ್ದದ ರೈಲು ಹಳಿಯ ತುಂಡು ತಂದೆವು. ನನ್ನ ಸ್ಕೂಟರಿನ ಬೆನ್ನು ಅಂದು ಬಾಗಿದ್ದು ಇನ್ನೂ ನೆಟ್ಟಗಾಗಿಲ್ಲ. ಬಣ್ಣದ ಡಬ್ಬವೊಂದು ಒಲೆಯಾಯಿತು. ಅದರ ಒಳಮೈಗೆ, ಕೆಡವಿದ ಬೇಕರಿಯ ಒಲೆಯಿಂದ ಬೇಡಿ ತಂದ ಬೆಂಕಿ ಇಟ್ಟಿಗೆ. ಇದ್ದಿಲು ಇಸ್ತ್ರಿ ಅಂಗಡಿಯವನದು. ತಿದಿಯ ಬದಲಿಗೆ ಗಾಳಿ ಊದಲು ಅತ್ತಿಗೆಯ ಹೇರ್ ಡ್ರೈಯರ್. ಅದು ಸುಟ್ಟು ಕರಕಲಾದ ದಿನ, ಈ ಷೆಡ್ಡಿನೊಳಗೆ ಇನ್ನು ಕಾಲಿಡುವುದಿಲ್ಲ ಎಂದು ಅತ್ತಿಗೆ ಶಪಥ ಮಾಡಿದ್ದರು.

ಮೂಸೆಯದು ಇನ್ನೊಂದು ಕತೆ. ಲೋಹ ಕರಗಿಸುವ ಪಾತ್ರೆಗೆ ಮೂಸೆ ಅನ್ನುತ್ತಾರೆ. ಅಣ್ಣ ಮೊದಲು ಅಡುಗೆಮನೆಯ ಸ್ಟೀಲ್ ಲೋಟವನ್ನೇ ಇಟ್ಟ. ಅದು ಒಳಗಿದ್ದುದಕ್ಕಿಂತ ಮೊದಲು ತಾನೇ ತೂತಾಯಿತು. ಕೊನೆಗೆ ಅಕ್ಕಸಾಲಿಗರ ಸಾಮಾನಿನ ಅಂಗಡಿಯಲ್ಲಿ ಟೀ ಲೋಟದಷ್ಟು ದೊಡ್ಡ ಗ್ರಾಫೈಟ್ ಮೂಸೆ ಸಿಕ್ಕಿತು. ಅದನ್ನು ಮನೆಗೆ ತಂದ ದಿನ ಅವನ ಮುಖ ನೋಡಬೇಕಿತ್ತು, ಮೊಮ್ಮಗುವನ್ನು ಎತ್ತಿಕೊಂಡು ಬಂದವನಂತಿತ್ತು. ಆಮೇಲೆ ನೆಂಟರ ಮನೆಗೆ ಹೋದರೆ ಮನುಷ್ಯರನ್ನು ಬಿಟ್ಟು ನಲ್ಲಿ, ಚಿಲಕಗಳನ್ನು ನೋಡತೊಡಗಿದ. "ಇದು ಹಾಳಾದ್ರೆ ಬಿಸಾಕ್ಬೇಡಿ, ನನಗೆ ಹೇಳಿ" ಎನ್ನುವುದು ಅವನ ನಮಸ್ಕಾರವೇ ಆಗಿಹೋಯಿತು.

ಇಂಥವನು ಶಾಲೆಗೂ ಹೋಗಿ, ಈ ಗಂಟೆ ಬೇಡವಾದ ದಿನ ಮೊದಲು ನನಗೇ ಹೇಳಿ ಎಂದು ಒಂದಲ್ಲ ಎರಡು ಸಲ ಕೇಳಿದ್ದ. ಗಂಟೆ ಹೋದದ್ದು ಗುರುವಾರ ಸಂಜೆ. ಶುಕ್ರವಾರ ಅವನ ಷೆಡ್ಡಿನಿಂದ ಬಿಳಿ ಹೊಗೆ ಎದ್ದಿತು. ಊರಿಗೆ ಇನ್ನೇನು ಬೇಕು?

ಶಾಲೆಯ ಆಡಳಿತ ಮಂಡಳಿ ಅಣ್ಣನಿಗೆ ನೋಟಿಸು ಕಳಿಸಿ, ಶನಿವಾರದ ಸಭೆಯವರೆಗೆ ಗಡುವು ಕೊಟ್ಟಿತ್ತು. ಆಮೇಲೆ ಪೊಲೀಸ್ ದೂರು. ಗಡುವು ಗೊತ್ತುಮಾಡಿದ ಸಭೆಯಲ್ಲಿ ಅತ್ತಿಗೆ ಎದ್ದು ನಿಂತು ಹೇಳಿದ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ. "ಮೂವತ್ತನಾಲ್ಕು ವರ್ಷದಲ್ಲಿ ನನ್ನ ಗಂಡ ನನಗೆ ಒಂದು ಸುಳ್ಳು ಹೇಳಿಲ್ಲ. ಈ ವಿಷಯದಲ್ಲಿ ಹೇಳಿದ್ರೆ, ನೀವು ದೂರು ಕೊಡೋದೇ ಬೇಡ. ನಾನೇ ಕೈಹಿಡಿದು ಠಾಣೆಗೆ ಕರ್ಕೊಂಡು ಹೋಗ್ತೀನಿ."

ಅತ್ತಿಗೆ ಮಾತು ಕೊಟ್ಟರೆ ಮುಗಿಯಿತು. ಇವತ್ತು ಶುಕ್ರವಾರ. ಅದಕ್ಕೇ ಶಪಥ ಮುರಿದು ಸ್ಟೂಲು ಹತ್ತಿದ್ದರು. ಅಣ್ಣ ತಾನೇ ಷೆಡ್ಡಿನ ಬಾಗಿಲು ತೆರೆದುಕೊಟ್ಟು, "ನೋಡು, ಎಲ್ಲ ನೋಡು, ಬೇಕಾದ್ರೆ ಗುಡಿಸಿಬಿಡು" ಎಂದು ನಕ್ಕು ವಾಕಿಂಗ್ ಹೋಗಿದ್ದ.

"ಹಿತ್ತಾಳೇಲಿ ಸತು ಇರುತ್ತೆ," ಎಂದರು ಅತ್ತಿಗೆ ಸ್ಟೂಲಿನಿಂದ ಇಳಿಯುತ್ತ. "ಕರಗಿಸೋವಾಗ ಅದು ಉರಿದು ಬಿಳಿ ಹೊಗೆ ಆಗುತ್ತೆ, ಸೂರಿಗೆ ಹಿಟ್ಟಿನ ಹಾಗೆ ಅಂಟುತ್ತೆ. ಗಂಟೆ ಕಂಚು ಅಂದ್ರೆ ತಾಮ್ರ, ತವರ. ಅದರಲ್ಲಿ ಈ ಹೊಗೆ ಬರಲ್ಲ. ಆ ಶುಕ್ರವಾರ ಸಂಜೆ ನಿಮ್ಮಣ್ಣಂಗೆ ಚಳಿಜ್ವರ ಬಂದಿತ್ತು, ನೆನಪಿದ್ಯಾ?"

"ಮೂರು ಕಂಬಳಿ ಹೊದ್ದಿದ್ದ. ಬೆಳಗ್ಗೆ ಎದ್ದು ಏನೂ ಆಗದವರ ಹಾಗೆ ತಿಂಡಿ ಕೇಳಿದ."

"ಸತುವಿನ ಹೊಗೆ ಕುಡಿದ ಜ್ವರ ಹಾಗೇ, ಒಂದು ದಿನದ ನೆಂಟ. ಇವರು ಕರಗಿಸಿದ್ದು ಹಿತ್ತಾಳೆ ನಲ್ಲಿ." ಅವರ ಕಣ್ಣು ಹೊಳೆಯುತ್ತಿತ್ತು. "ಕನ್ನಡಕ, ನಿಮ್ಮಣ್ಣ ಪೆದ್ದ. ಕಳ್ಳ ಅಲ್ಲ."

ಗಂಡನ ಬಗ್ಗೆ ಇಷ್ಟು ಪ್ರೀತಿಯಿಂದ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬೆಂಚಿನ ಹಿಂದಿನ ಹಲಗೆಯ ಮೇಲೆ ಎಂಟು ಗಟ್ಟಿಗಳು ಸಾಲಾಗಿದ್ದವು. ಬೆರಳು ದಪ್ಪ, ಗೇಣುದ್ದ. ಕರಗಿದ ಲೋಹವನ್ನು ಅಣ್ಣ ವಿ ಆಕಾರದ ಕಬ್ಬಿಣದ ಆಂಗಲ್ ತುಂಡಿನಲ್ಲಿ ಎರೆಯುತ್ತಿದ್ದ. ಆ ಆಂಗಲನ್ನು ಕೊಯ್ಯುವಾಗ ಗರಗಸ ತಪ್ಪಿ ಒಳಗೊಂದು ಗೀರು ಬಿದ್ದಿತ್ತು. ಹಾಗಾಗಿ ಅವನ ಗಟ್ಟಿಗಳಿಗೆಲ್ಲ ಅಡಿಯಲ್ಲಿ ಒಂದು ಸಣ್ಣ ಏಣು ಇರುತ್ತದೆ.

"ಯಾವುದಕ್ಕೂ ಖಾತ್ರಿ ಮಾಡ್ಕೊಳ್ಳೋಣ. ಹಿತ್ತಾಳೆ ಬಾಗುತ್ತೆ. ಗಂಟೆ ಕಂಚು ಬಾಗಲ್ಲ, ಮುರಿಯುತ್ತೆ. ಹೊಡಿ."

ಮೊದಲನೆಯ ಗಟ್ಟಿಯನ್ನು ಹಳಿಯ ಅಂಚಿಗೆ ಇಟ್ಟು ಸುತ್ತಿಗೆಯಿಂದ ಹೊಡೆದೆ. ಬಾಗಿತು. ಎರಡನೆಯದೂ ಬಾಗಿತು. ಮೂರನೆಯದಕ್ಕೆ ಅತ್ತಿಗೆಯೇ ಸುತ್ತಿಗೆ ಕಸಿದುಕೊಂಡರು. ಒಂದೊಂದು ಬಾಗಿದಾಗಲೂ "ನೋಡಿದ್ಯಾ?" ಎನ್ನುವರು. ಏಳನೆಯದರ ಹೊತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆವರಿಳಿಯುತ್ತ, ಹುಡುಗಿಯ ಹಾಗೆ ನಗುತ್ತಿದ್ದರು.

ಎಂಟನೆಯದು ಟಣ್ ಎಂದಿತು.

ಎರಡು ತುಂಡು. ಒಂದು ಹಳಿಯ ಮೇಲೇ ಉಳಿಯಿತು, ಇನ್ನೊಂದು ಹಾರಿ ನನ್ನ ಕಾಲ ಬಳಿ ಬಿತ್ತು. ಮುರಿದ ಕಡೆ ಹಳದಿ ಇರಲಿಲ್ಲ. ಕಲ್ಲುಸಕ್ಕರೆ ಒಡೆದ ಹಾಗೆ ಬೂದುಬಿಳಿ ಹರಳು.

ಅತ್ತಿಗೆಯ ನಗು ನಿಂತಿತು. ತುಂಡನ್ನು ಎತ್ತಿ ತಿರುಗಿಸಿ ನೋಡಿದರು. ಅಡಿಯಲ್ಲಿ ಏಣು ಇರಲಿಲ್ಲ. ಮೈ ಉರುಟಾಗಿತ್ತು, ಅಲ್ಲಲ್ಲಿ ಮರಳಿನ ಕಾಳು ಅಂಟಿತ್ತು.

"ಇದು ಅಣ್ಣನ ಆಂಗಲ್‌ನಲ್ಲಿ ಎರೆದದ್ದಲ್ಲ," ಎಂದೆ ನಾನು. "ಮರಳಲ್ಲಿ ಎರೆದದ್ದು. ಇಲ್ಲಿ ಕರಗಿದ್ದೇ ಅಲ್ಲ."

"ಇಲ್ಲಿಗೆ ಹೇಗೆ ಬಂತು ಮತ್ತೆ?"

"ಕಳ್ಳ ಆಗಿದ್ರೆ ಇದನ್ನ ಕೆರೆಗೆ ಎಸೀತಿದ್ದ, ಅತ್ತಿಗೆ."

"ಬೇರೆ ಕಳ್ಳ ಎಸೀತಿದ್ದ. ನಿಮ್ಮಣ್ಣ ತುಕ್ಕು ಹಿಡಿದ ಮೊಳೆನೂ ಎಸೆಯೋರಲ್ಲ. ಮುಷ್ಟಿಯಷ್ಟು ಕಂಚು ಸಿಕ್ಕಿದ್ರೆ ಜೈಲಿಗೆ ಹೋಗೋವಾಗ್ಲೂ ಜೇಬಲ್ಲಿ ಇಟ್ಕೊಂಡು ಹೋಗ್ತಾರೆ."

ಅದೂ ನಿಜವೇ. ಲೋಹದ ಹುಚ್ಚಿನವರು ಮಾಡುವ ತಪ್ಪೇ ಅದು, ಏನನ್ನೂ ಬಿಸಾಡುವುದಿಲ್ಲ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಅತ್ತಿಗೆ ಎರಡು ತುಂಡನ್ನೂ ಸೆರಗಿನಲ್ಲಿ ಸುತ್ತಿಕೊಂಡರು.

"ಇವಳೇ, ನೋಡಿಲ್ಲಿ!" ಅಣ್ಣ ಕೈಯಲ್ಲಿ ಒಂದು ಕಬ್ಬಿಣದ ಪಟ್ಟಿ ಹಿಡಿದು ಬಂದ. "ಲಾರಿ ಪಟ್ಟಿ ಕಣೇ, ಅಡಿಯಲ್ಲಿ ಇರುತ್ತಲ್ಲ ಅದು. ಗ್ಯಾರೇಜ್ ಮುಂದೆ ಸುಮ್ನೆ ಬಿದ್ದಿತ್ತು. ಇದ್ರಲ್ಲಿ ನಿನಗೊಂದು ಈಳಿಗೆ ಮಾಡ್ಕೊಡ್ತೀನಿ." ಆಮೇಲೆ ಬಾಗಿದ ಗಟ್ಟಿಗಳ ಕಡೆ ಕಣ್ಣು ಹೋಯಿತು. "ಅಯ್ಯೋ, ಇದೇನು ನನ್ನ ಗಟ್ಟಿಗಳ ಗತಿ! ಏಳೇ ಇದೆ, ಇನ್ನೊಂದೆಲ್ಲಿ?"

"ನನ್ನ ಹತ್ರ ಇದೆ," ಎಂದರು ಅತ್ತಿಗೆ.

ಅಣ್ಣ ಅವರನ್ನೊಮ್ಮೆ ನೋಡಿ ಮುಗುಳ್ನಕ್ಕ. "ಇಟ್ಕೊ. ನಿಂದೇ ಅಲ್ವಾ."

ಈಗ ಕೇಳುತ್ತಾರೆ ಎಂದುಕೊಂಡೆ. ಎಂಥೆಂಥ ವ್ಯಾಪಾರಿಗಳ ಬೆವರನ್ನು ಒಂದೇ ಪ್ರಶ್ನೆಯಲ್ಲಿ ಇಳಿಸಿದ ಹೆಂಗಸು. ಆದರೆ ಅತ್ತಿಗೆ ಅಣ್ಣನ ಹಣೆಯ ಬೆವರು ನೋಡಿ, "ಬಿಸಿಲಲ್ಲಿ ಟೋಪಿ ಹಾಕ್ಕೊಂಡು ಹೋಗ್ಬಾರ್ದಾ?" ಎಂದಷ್ಟೇ ಹೇಳಿ ಹೊರಗೆ ನಡೆದರು.

ಅತ್ತಿಗೆ ಸ್ಕೂಟರಿನಲ್ಲಿ ನನ್ನ ಹಿಂದೆ ಕೂತ ಮೇಲೆ ನಾನೇ ಕೇಳಿದೆ. "ಅಣ್ಣನ್ನೇ ಕೇಳಿಬಿಡ್ಬಹುದಿತ್ತಲ್ಲ?"

ಅತ್ತಿಗೆ ಸೆರಗಿನ ಗಂಟನ್ನು ಇನ್ನೊಮ್ಮೆ ಬಿಗಿದರು.

"ಕೇಳಿದ್ರೆ ಏನೋ ಒಂದು ಹೇಳ್ತಾರೆ. ಅದು ಸುಳ್ಳಾಗಿದ್ರೆ?" ಎಂದರು. "ಮೂರು ವಾರದಿಂದ ಊರಿನವರನ್ನೆಲ್ಲ ಕೇಳಿದ್ದೀನಿ ಕನ್ನಡಕ. ಅವರೊಬ್ಬರನ್ನ ಬಿಟ್ಟು."

ಅತ್ತಿಗೆಗೂ ಹೆದರಿಕೆ ಇದೆ ಎಂದು ನನಗೆ ಗೊತ್ತಾದದ್ದು ಅಂದೇ. ನನಗೆ ಅವರ ಮೇಲಿದ್ದ ಗೌರವ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಗುಜರಿ ಅಕ್ಕನ ಅಂಗಡಿ ಎಂದರೆ ಅಣ್ಣನಂಥವರಿಗೆ ದೇವಸ್ಥಾನ. ಹಳೆಯ ಪಂಪು, ಸೈಕಲ್ ಚೌಕಟ್ಟು, ಕಿಟಕಿಯ ಸರಳು, ಬಾಯಿ ಬಿಟ್ಟ ಟ್ರಂಕು. ನಡುವೆ ಒಂದು ಕಲ್ಲುಚಪ್ಪಡಿ, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ತುಂಬ ಗುಜರಿ ಅಕ್ಕ. ಕತ್ತಿನಲ್ಲಿ ದಾರ ಕಟ್ಟಿದ ಆಯಸ್ಕಾಂತ. ಏನೇ ಬಂದರೂ ಮೊದಲು ಆಯಸ್ಕಾಂತ ತಾಗಿಸುವುದು, ಆಮೇಲೆ ಚಪ್ಪಡಿಗೆ ಬೀಳಿಸಿ ಕಿವಿಗೊಡುವುದು. ತಕ್ಕಡಿಗೆ ಬರುವುದು ಕೊನೆಗೆ.

ಅತ್ತಿಗೆ ಕೊಟ್ಟ ತುಂಡನ್ನು ಅಕ್ಕ ಚಪ್ಪಡಿಗೆ ಬೀಳಿಸಿದಳು. ಸದ್ದು ನಿಲ್ಲುವವರೆಗೂ ಕಣ್ಣು ಮುಚ್ಚಿಕೊಂಡಿದ್ದಳು.

"ಹಾಡ್ತಾ ಇದೆ. ಗಂಟೆ ಕಂಚು." ಕಣ್ಣು ತೆರೆದಳು. "ನನ್ನ ಅಂಗಡೀದಲ್ಲ ಇದು. ನಿಮ್ಮ ಯಜಮಾನ್ರು ನನ್ನತ್ರ ತಗೊಂಡಿದ್ದು ಹಳೇ ನಲ್ಲಿ, ನಾಕೇ ನಾಕು ಕಿಲೋ. ಅದಕ್ಕೇ ಅರ್ಧ ದಿನ ಕೂತು ಆರಿಸಿದ್ರು. ನಲ್ಲಿಗಳನ್ನ ಮಾತಾಡಿಸ್ತಾ ಇದ್ರಮ್ಮ, ನಾನೇ ನೋಡಿದೀನಿ."

"ಅವರು ಬಿಟ್ಟರೆ ಬೇರೆ ಯಾರಾದ್ರೂ ಎರಕದ ಸಾಮಾನು ಕೇಳ್ಕೊಂಡು ಬಂದಿದ್ರಾ?"

ಅಕ್ಕ ಆಯಸ್ಕಾಂತವನ್ನು ಬೆರಳಿಗೆ ಸುತ್ತಿಕೊಂಡಳು. "ಬಂದಿದ್ರು ಒಬ್ರು. ಗಂಟೆ ಹೋಯ್ತಲ್ಲ, ಅದಾದ ಮೇಲೆ. ಇಪ್ಪತ್ತು ಕಿಲೋ ಹಿಡಿಯೋ ಮೂಸೆ ಎಲ್ಲಿ ಸಿಗುತ್ತೆ, ಎರಕಕ್ಕೆ ಸಣ್ಣ ಮರಳು ಎಲ್ಲಿ ಸಿಗುತ್ತೆ ಅಂತ. ಹೆಲ್ಮೆಟ್ ತೆಗೀಲೇ ಇಲ್ಲ. ಇಪ್ಪತ್ತು ಕಿಲೋ ಮೂಸೆ ಹವ್ಯಾಸದವರಿಗೆ ಯಾಕಪ್ಪಾ ಅಂದೆ. ಎದ್ದು ಹೋದ್ರು."

"ಗುರುತು?"

"ಹೆಲ್ಮೆಟ್ ಒಳಗೆ ಕನ್ನಡಕ ಇತ್ತು. ಒಂದು ಕಡೆ ಕಡ್ಡಿ ಮುರಿದು ಕೆಂಪು ನೂಲು ಸುತ್ತಿದ್ರು."

ನನ್ನ ಅಂಗಡಿ ಇರುವ ಊರಿನಲ್ಲಿ ನೂಲು ಸುತ್ತಿದ ಕನ್ನಡಕ! ಕಳ್ಳತನಕ್ಕಿಂತ ನನಗೆ ಅದೇ ಹೆಚ್ಚು ಅವಮಾನವೆನಿಸಿತು. ಅತ್ತಿಗೆ ತಮ್ಮ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು, "ನಡಿ, ಶಾಲೆಗೆ" ಎಂದರು.

ಗಂಟೆ ಇಲ್ಲದ ಶಾಲೆಯಲ್ಲಿ ಪೀರಿಯಡ್ ಮುಗಿಸಲು ಡ್ರಿಲ್ ಮೇಷ್ಟ್ರು ಸೀಟಿ ಊದುತ್ತ ಓಡಾಡುತ್ತಿದ್ದರು. ಮೊಗಸಾಲೆಯ ತೊಲೆಯಲ್ಲಿ ಗಂಟೆ ತೂಗುತ್ತಿದ್ದ ಕೊಕ್ಕೆ ಖಾಲಿಯಾಗಿತ್ತು. ನಾನೂ ಅಣ್ಣನೂ ಓದಿದ ಶಾಲೆ ಅದು. ಆ ಗಂಟೆಯ ಸದ್ದಿಗೆ ಊಟದ ಡಬ್ಬಿ ಹಿಡಿದು ಓಡಿದವರು ನಾವು.

ಹೆಡ್ಮೇಡಂ ತಮ್ಮ ಕೋಣೆಯಲ್ಲಿ ಒಬ್ಬರೇ ಇದ್ದರು. ತೆಳ್ಳಗಿನ, ನೆಟ್ಟನೆ ಕೂರುವ ಹೆಂಗಸು. ಮುಂದಿನ ತಿಂಗಳು ಅವರಿಗೂ ನಿವೃತ್ತಿ. ಮಂಡಳಿಯ ನೋಟಿಸಿಗೆ ಸಹಿ ಹಾಕಿ ಕಳಿಸಿದವರು ಅವರೇ.

ಅತ್ತಿಗೆ ಕೂತು, ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಸೂರಿನ ಬಿಳಿ ಪುಡಿ. ಹೊಗೆ ಯಾಕೆ ಬೆಳ್ಳಗಿತ್ತು, ಜ್ವರ ಯಾಕೆ ಬಂತು, ಹೇಳಿದರು.

"ಇವರ ಮೂಸೆ ಹಿಡಿಯೋದು ಒಂದು ಟೀ ಲೋಟದಷ್ಟು. ಹದಿನೆಂಟು ಕಿಲೋ ಗಂಟೆ ಕರಗಬೇಕಾದ್ರೆ ಹದಿನೆಂಟು ಸಲ ಒಲೆ ಹಚ್ಚಬೇಕು. ಇಸ್ತ್ರಿ ಅಂಗಡಿಯಿಂದ ಬಂದದ್ದು ಒಂದೇ ಚೀಲ ಇದ್ದಿಲು. ಆರೇಳು ಸಲಕ್ಕೆ ಮುಗಿಯುತ್ತೆ. ಮುಗಿದಿದೆ."

"ಹಾಗಾದ್ರೆ ನಿಮ್ಮ ಯಜಮಾನ್ರು ಕರಗಿಸಿಲ್ಲ." ಹೆಡ್ಮೇಡಂ ದೀರ್ಘವಾಗಿ ಉಸಿರು ಬಿಟ್ಟರು. "ಒಳ್ಳೇದಾಯ್ತು. ನಾಳೆ ಸಭೇಲಿ ಇಷ್ಟು ಹೇಳಿದ್ರೆ ಸಾಕು. ಮುಗೀತು."

ಮುಗಿದೇಬಿಡುತ್ತಿತ್ತು. ಎದ್ದು ಬರಬಹುದಿತ್ತು. ನಾನು ಕುರ್ಚಿಯಿಂದ ಅರ್ಧ ಎದ್ದೂ ಇದ್ದೆ.

ಅತ್ತಿಗೆ ಸೆರಗಿನ ಗಂಟು ಬಿಚ್ಚಿ ಎರಡು ತುಂಡುಗಳನ್ನು ಮೇಜಿನ ಮೇಲಿಟ್ಟರು.

"ಇದು ನಮ್ಮ ಷೆಡ್ಡಲ್ಲೇ ಸಿಕ್ಕಿತು. ಗಂಟೆ ಕಂಚು. ಇದನ್ನ ಮುಚ್ಚಿಟ್ಟು ನಾಳೆ ತಲೆ ಎತ್ತಿ ಮಾತಾಡೋಕೆ ನನ್ನ ಕೈಲಾಗಲ್ಲ."

"ಅತ್ತಿಗೆ!" ಎಂದೆ. ಅವರು ನನ್ನ ಕಡೆ ನೋಡಲಿಲ್ಲ.

ಹೆಡ್ಮೇಡಂ ತುಂಡನ್ನು ಮುಟ್ಟಿದರು. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಬೆರಳಿನ ಹಿಂಬದಿಯಿಂದ ಮುಟ್ಟಿದರು. ಮುಖ ಬಿಳಿಚಿಕೊಂಡಿತು.

"ಕರಗಿಸಿಬಿಟ್ರಾ?" ಎಂದರು ಮೆಲ್ಲಗೆ.

"ಯಾರು?" ಅತ್ತಿಗೆ ಮುಂದಕ್ಕೆ ಬಾಗಿದರು. "ಯಾರು ಮೇಡಂ?"

"ಅವರನ್ನ ಕೇಳ್ಬೇಡ ಕಣೇ. ನನ್ನ ಕೇಳು."

ಬಾಗಿಲಲ್ಲಿ ಅಣ್ಣ ನಿಂತಿದ್ದ. ಹೆಗಲಿಗೆ ಬಟ್ಟೆಯ ಚೀಲ, ತಲೆಗೆ ಟೋಪಿ. ಹೆಂಡತಿ ಹೇಳಿದ್ದಳಲ್ಲ, ಹಾಕಿಕೊಂಡೇ ಬಂದಿದ್ದ.

"ನೀವಿಬ್ರೂ ಇತ್ತ ಬಂದ್ರಿ ಅಂತ ಗುಜರಿ ಅಕ್ಕ ಹೇಳಿದ್ಲು. ಇನ್ನು ಸುಮ್ನಿರೋದು ಸರಿಯಲ್ಲ ಅನ್ನಿಸ್ತು." ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಗಂಟೆ ಇಳಿಸಿದ್ದು ನಾನೇ."

"ರೀ, ಸುಮ್ನಿರಿ. ನೀವು ಕರಗಿಸಿರೋಕೆ ಸಾಧ್ಯಾನೇ ಇಲ್ಲ ಅಂತ ಈಗಷ್ಟೇ ಹೇಳಿ ಮುಗಿಸಿದ್ದೀನಿ."

"ಕರಗಿಸಿದೆ ಅಂದ್ನಾ? ಇಳಿಸಿದೆ ಅಂದೆ." ಅಣ್ಣ ಚೀಲಕ್ಕೆ ಕೈ ಹಾಕಿ, ಒನಕೆಯ ತುದಿಯಂಥ ಕಬ್ಬಿಣದ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಗಂಟೆಯ ನಾಲಿಗೆ. ಶಾಲೆಯಲ್ಲಿ ಓದಿದ ಯಾರಿಗಾದರೂ ಗುರುತು ಸಿಗುತ್ತದೆ.

ಮೊದಲು ಬಾಯಿ ಬಿಟ್ಟವರು ಹೆಡ್ಮೇಡಂ, ಅದೂ ನಾನು ಎಣಿಸದ ಮಾತಿನಿಂದ.

"ಮಾತು ಕೊಟ್ಟಿದ್ರಿ ನೀವು. ಹೆಂಡತಿಗೂ ಹೇಳಲ್ಲ ಅಂತ."

ಸುಟ್ಟು ಬಿದ್ದ ಗೋದಾಮುಗಳ ನಡುವೆ ಅಲುಗದೆ ನಿಂತ ನಮ್ಮ ಅತ್ತಿಗೆ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನನಗೆ ಅಣ್ಣನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಹುಟ್ಟಿದಾಗಿನಿಂದ ಅವನ ಮೇಲೆ ಅಷ್ಟು ಸಿಟ್ಟು ಬಂದಿರಲಿಲ್ಲ.

"ಸುಳ್ಳು ಹೇಳಿಲ್ಲ ಕಣೇ," ಎಂದ ಅಣ್ಣ. "ಹೇಳ್ಲಿಲ್ಲ, ಅಷ್ಟೆ."

"ಮೂರು ವಾರ."

"ನೀನು ಕೇಳಿದ್ರೆ ಹೇಳ್ಬಿಡ್ತಿದ್ದೆ. ದಿನಾ ಕಾಯ್ತಿದ್ದೆ, ಇವತ್ತು ಕೇಳ್ತಾಳೆ, ಇವತ್ತು ಕೇಳ್ತಾಳೆ ಅಂತ. ನೀನು ಕೇಳ್ಲೇ ಇಲ್ವಲ್ಲ."

ಅತ್ತಿಗೆ ಒಂದು ಕ್ಷಣ ಕಣ್ಣು ಮುಚ್ಚಿದರು.

ಉಳಿದದ್ದನ್ನು ಹೆಡ್ಮೇಡಂ ಹೇಳಿದರು. ಗಂಟೆಗೆ ಸಣ್ಣ ಬಿರುಕು ಬಿಟ್ಟು ದನಿ ಒಡೆದಿತ್ತು. ಮಂಡಳಿಯವರು ಅದನ್ನು ಮಾರಿ ಕರೆಂಟಿನ ಬೆಲ್ ಹಾಕಿಸಲು ಹೊರಟಿದ್ದರು. ನಿವೃತ್ತಿಯಾಗುವ ಮೊದಲು ಗಂಟೆಯನ್ನು ಉಳಿಸಿಯೇ ಹೋಗಬೇಕೆಂಬ ಹಟ ಮೇಡಂಗೆ. ಗಂಟೆಯನ್ನು ಮೂರು ವಾರ ಅಡಗಿಸಿಟ್ಟರೆ, ಇಲ್ಲದಾಗ ಊರಿಗೇ ಅದರ ಬೆಲೆ ತಿಳಿಯುತ್ತದೆ, ನಾಳೆಯ ಸಭೆಯಲ್ಲಿ ತಂದಿಟ್ಟು ಮಾತಾಡೋಣ ಎಂದು ಇಬ್ಬರೂ ಸೇರಿ ಮಾಡಿದ ಘನಂದಾರಿ ಉಪಾಯ. ಅನುಮಾನ ಬರಬಾರದೆಂದು ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಮಾತಾಡಿಸುವುದೂ ಇಲ್ಲವೆಂದು ಕಟ್ಟುಮಾಡಿಕೊಂಡಿದ್ದರು.

"ನಿಮ್ಮ ಯಜಮಾನ್ರ ಮೇಲೇ ಗೂಬೆ ಕೂರುತ್ತೆ ಅಂತ ಅಂದ್ಕೊಂಡಿರಲಿಲ್ಲ," ಎಂದರು ಹೆಡ್ಮೇಡಂ. ಅವರ ಕಣ್ಣು ತುಂಬಿತ್ತು. "ನೋಟಿಸಿಗೆ ಸಹಿ ಹಾಕ್ದೆ ಇದ್ರೆ ಎಲ್ಲ ಬಯಲಾಗ್ತಿತ್ತು. ನನ್ನ ಕ್ಷಮಿಸಿ."

ಇಬ್ಬರು ಅರವತ್ತರ ಹತ್ತಿರದವರು, ಶಾಲೆಗೆ ಚಕ್ಕರ್ ಹಾಕಿ ಸಿಕ್ಕಿಬಿದ್ದ ಮಕ್ಕಳ ಹಾಗೆ ತಲೆ ತಗ್ಗಿಸಿದ್ದರು. ನನಗೆ ಸಿಟ್ಟಿನ ನಡುವೆಯೂ ನಗು ಬಂತು.

ಅತ್ತಿಗೆ ನಗಲಿಲ್ಲ. "ಆಯ್ತು. ಗಂಟೆ ಈಗ ಎಲ್ಲಿದೆ?"

"ಅವರ ಹತ್ರ," ಎಂದರು ಇಬ್ಬರೂ ಒಟ್ಟಿಗೆ.

ಅಣ್ಣನ ಬೆರಳು ಹೆಡ್ಮೇಡಂ ಕಡೆಗಿತ್ತು. ಹೆಡ್ಮೇಡಂ ಬೆರಳು ಅಣ್ಣನ ಕಡೆಗಿತ್ತು. ಬೆರಳುಗಳು ಹಾಗೇ ಉಳಿದವು.

"ನೀವೇ ಚೀಟಿ ಕಳಿಸಿದ್ರಲ್ಲ ಮೇಡಂ," ಅಣ್ಣ ಜೇಬಿನಿಂದ ಮಡಿಸಿ ಮಡಿಸಿ ಹರಿಯಲಿದ್ದ ಚೀಟಿ ತೆಗೆದ. ಅತ್ತಿಗೆ ಅದನ್ನು ಕಸಿದುಕೊಂಡು ಗಟ್ಟಿಯಾಗಿ ಓದಿದರು. "ಗುರುವಾರ ಸಂಜೆ ಗಂಟೆ ತೆಗೆದಿಡಿ."

"ತೆಗೆದೆ, ಇಟ್ಟೆ," ಎಂದ ಅಣ್ಣ. "ಇಳಿಸಿ, ಗೋಣಿಯಲ್ಲಿ ಸುತ್ತಿ, ಪ್ರಯೋಗಶಾಲೆಯ ಹಿಂದಿನ ಮೆಟ್ಟಿಲ ಮೇಲೆ ಇಟ್ಟೆ, ನೀವು ಅಲ್ಲಿಂದ ಒಳಗೆ ಸೇರಿಸ್ತೀರಿ ಅಂತ. ನಾಲಿಗೆ ಮಾತ್ರ ಸದ್ದಾಗದೆ ಇರಲಿ ಅಂತ ಬಿಚ್ಚಿ ತಗೊಂಡು ಹೋದೆ."

"ತೆಗೆದಿಡಿ ಅಂದ್ರೆ ಜೋಪಾನವಾಗಿ ನಿಮ್ಮ ಹತ್ರ ಎತ್ತಿಡಿ ಅಂತ!" ಎಂದರು ಹೆಡ್ಮೇಡಂ. "ಮೆಟ್ಟಿಲ ಕಡೆ ನಾನು ಹೋಗ್ಲೇ ಇಲ್ಲ. ಬೆಳಗ್ಗೆ ಕೊಕ್ಕೆ ಖಾಲಿ ಇತ್ತು, ನೀವು ತಗೊಂಡು ಹೋಗಿದ್ದೀರಿ ಅಂದ್ಕೊಂಡೆ."

ಒಂದು ಪದ. ನಲವತ್ತು ವರ್ಷ ಮಕ್ಕಳಿಗೆ ಭಾಷೆ ಕಲಿಸಿದ ಹೆಡ್ಮೇಡಂ ಬರೆದ ಒಂದೇ ಒಂದು ಪದ. ಹದಿನೆಂಟು ಕಿಲೋ ಕಂಚು ಅದರ ಸಂದಿಯಲ್ಲಿ ಜಾರಿ ಹೋಗಿತ್ತು.

ಈಗ ನಾಳೆ ಸಭೆಯಲ್ಲಿ ತಂದಿಡಲು ಗಂಟೆಯಿಲ್ಲ. ಇಳಿಸಿದವನು ಅಣ್ಣ ಎನ್ನುವುದಕ್ಕೆ ನಾಲಿಗೆಯೇ ಸಾಕ್ಷಿ. ಕೈಹಿಡಿದು ಠಾಣೆಗೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟವರು ಅವನ ಹೆಂಡತಿ.

ಅತ್ತಿಗೆ ಮುರಿದ ತುಂಡನ್ನು ಎತ್ತಿ ಅಣ್ಣನ ಕಣ್ಣ ಮುಂದೆ ಹಿಡಿದರು. ಕೇಳಲು ಹೆದರಿದ್ದ ಪ್ರಶ್ನೆಯನ್ನು ಕೊನೆಗೂ ಕೇಳಿದರು.

"ಇದು ನಿಮ್ಮ ಕೈಗೆ ಹೇಗೆ ಬಂತು?"

ಅಣ್ಣ ತಬ್ಬಿಬ್ಬಾದ. ಕಿವಿ ಕೆಂಪಾಯಿತು. "ನೀನೇ ಅಲ್ವೇನೇ ಇಟ್ಟಿದ್ದು? ಹೋದ ಸೋಮವಾರ ಬೆಂಚಿನ ಮೇಲೆ ಕರವಸ್ತ್ರದಲ್ಲಿ ಸುತ್ತಿ ಇಟ್ಟಿತ್ತು. ಬೈತಾ ಬೈತಾನೇ ಎಲ್ಲೋ ಹುಡುಕಿ ತಂದು ಇಟ್ಟಿದ್ದಾಳೆ ಪಾಪ, ಅಂದ್ಕೊಂಡೆ. ಮುರಿದು ನೋಡೋಕೂ ಮನಸ್ಸಾಗ್ಲಿಲ್ಲ, ಇವಳು ಕೊಟ್ಟದ್ದಲ್ವಾ ಅಂತ."

ಅತ್ತಿಗೆಯ ಕಣ್ಣಿನಿಂದ ಒಂದು ಹನಿ ಜಾರಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ.

"ಹೇರ್ ಡ್ರೈಯರ್ ಸುಟ್ಟ ಮೇಲೆ ನಾನು ಆ ಷೆಡ್ಡಿಗೆ ಕಾಲಿಟ್ಟಿದ್ದೇ ಇವತ್ತು ರೀ," ಎಂದರು. "ನಾನಲ್ಲ."

ಹೊರಗೆ ಡ್ರಿಲ್ ಮೇಷ್ಟ್ರ ಸೀಟಿ ಕೇಳಿಸಿತು.

"ಷೆಡ್ಡಿನ ಬಾಗಿಲಿಗೆ ಬೀಗ ಹಾಕಿರ್ತೀರಾ?" ಅತ್ತಿಗೆ ಕೇಳಿದರು.

"ಯಾವಾಗ್ಲೂ. ಕೀಲಿ ನನ್ನ ಸೊಂಟದ ದಾರದಲ್ಲೇ ಇರುತ್ತೆ. ಸ್ನಾನಕ್ಕೂ ತೆಗೆಯಲ್ಲ."

"ಇನ್ನೊಂದು ಕೀಲಿ?"

ಅಣ್ಣ ನನ್ನ ಕಡೆ ನೋಡಿದ. ಅತ್ತಿಗೆಯೂ ನಿಧಾನವಾಗಿ ನನ್ನ ಕಡೆ ತಿರುಗಿದರು. ಮೂವತ್ತನಾಲ್ಕು ವರ್ಷ ನನ್ನನ್ನು ಹೊಟ್ಟೆಯ ಮಗನಂತೆ ನೋಡಿಕೊಂಡ ಹೆಂಗಸು, ಈಗ ಬೂದಿ ಮುಟ್ಟಿ ನೋಡುವ ಕಣ್ಣಿನಿಂದ ನೋಡುತ್ತಿದ್ದರು.

ನಾನು ಜೇಬಿಗೆ ಕೈ ಹಾಕಿ ಕೀಲಿಗೊಂಚಲು ತೆಗೆದು ಮೇಜಿನ ಮೇಲಿಟ್ಟೆ. ಅಂಗಡಿಯ ಕೀಲಿ ಇತ್ತು. ಮನೆಯ ಕೀಲಿ ಇತ್ತು. ಸ್ಕೂಟರಿನ ಕೀಲಿ ಇತ್ತು. ಅಣ್ಣ ಕೊಟ್ಟಿದ್ದ ಷೆಡ್ಡಿನ ಕೀಲಿ ಇರಲಿಲ್ಲ.